ಪ್ರಾಚೀನ ರೋಮಿನಲ್ಲಿ ಭಂಗಿ ನಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ರೋಮನ್ ಹಡಗುಗಳನ್ನು ಕುರಿತು ಹಿಂದೆ ಪ್ರಕಟವಾದ ಲೇಖನದಲ್ಲಿ, ಹಡಗಿನ ಹಗ್ಗಗಳಿಗೆ ಭಂಗಿ ಗಿಡದ ನಾರನ್ನೂ ಬಳಸುತ್ತಿದ್ದರು ಎಂಬ ಒಂದು ಮಾತು ಬಂದಿತ್ತು. ಆ ಮಾತನ್ನು ಹಿಡಿದು ಬಂದ ಪತ್ರಗಳಿಂದ ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಭಂಗಿ ಎಂದಾಗಲೆಲ್ಲ ಹೆಂಪ್ ಎಂದು ಹೆಸರಾದ ನಾರಿನ ಬೆಳೆಯನ್ನೇ ತಿಳಿಯಬೇಕು. ಅದು ಗಾಂಜಾ ಗಿಡದ ಜಾತಿಗೇ ಸೇರಿದ್ದು. ಗೋಣಿಚೀಲದ ಸೆಣಬಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಮೈಗೆ ಸುತ್ತಿಕೊಳ್ಳುವ ಟೋಗಾ, ಸೈನಿಕರ ಉಡುಪು, ಹಡಗಿನ ಹಾಯಿ, ಹೀಗೆ ಎಲ್ಲವನ್ನೂ ರೋಮನ್ನರು ಭಂಗಿ ನಾರಿನಿಂದಲೇ ನೇಯುತ್ತಿದ್ದರು ಎಂದು ಹಲವೆಡೆ ಓದಿದ್ದೇನೆ. ಇದು ನಿಜವೇ?

ಉತ್ತರ: ಹಾಗೆ ಹೇಳಲು ಆಧಾರವಿಲ್ಲ. ರೋಮನ್ ಪೌರನ ಟೋಗಾ ಉಣ್ಣೆಯ ಬಟ್ಟೆ. ಅದರ ಒಳಗೆ ತೊಡುತ್ತಿದ್ದ ಟ್ಯೂನಿಕ್ ಎಂಬ ಅಂಗಿಯೂ ಹೆಚ್ಚಾಗಿ ಉಣ್ಣೆಯದೇ ಆಗಿತ್ತು; ಉಣ್ಣೆಗಿಂತ ತೆಳುವಾದ, ಮೈಗೆ ಹಿತವಾದ ಬಟ್ಟೆ ಬೇಕೆಂದವರು ಅಗಸೆ ನಾರಿನಿಂದ ನೇಯ್ದ ಲಿನನ್ ತೊಡುತ್ತಿದ್ದರು. ಹಾಯಿಯ ವಿಷಯದಲ್ಲಂತೂ ಸಾಕ್ಷ್ಯ ಇನ್ನೂ ಸ್ಪಷ್ಟವಾಗಿದೆ. ಕ್ರಿ.ಪೂ. 205ರಲ್ಲಿ ರೋಮನ್ ಸೇನಾನಿ ಸಿಪಿಯೊ ಉತ್ತರ ಆಫ್ರಿಕದ ಕಾರ್ಥೇಜಿನ ಮೇಲೆ ದಂಡೆತ್ತಿ ಹೋಗಲು ನೌಕಾಪಡೆ ಕಟ್ಟಿದಾಗ ಇಟಲಿಯ ಎಟ್ರೂರಿಯದ ಊರುಗಳು ಏನೇನು ಕೊಟ್ಟವು ಎಂಬುದನ್ನು ಇತಿಹಾಸಕಾರ ಲಿವಿ ಪಟ್ಟಿ ಮಾಡಿದ್ದಾನೆ. ಅದರಲ್ಲಿ ಪೊಪುಲೋನಿಯಾ ಕಬ್ಬಿಣವನ್ನು ಕೊಟ್ಟರೆ, ತಾರ್ಕ್ವಿನಿಯಾ ಹಾಯಿಗಳಿಗೆ ಬೇಕಾದ ಲಿನನ್ ಬಟ್ಟೆಯನ್ನು ಕೊಟ್ಟಿತು. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಹಿರಿಯ ಪ್ಲಿನಿ ತನ್ನ ಬೃಹತ್ ವಿಶ್ವಕೋಶದ 19ನೆಯ ಸಂಪುಟವನ್ನು ಅಗಸೆಯಿಂದಲೇ ಆರಂಭಿಸುತ್ತಾನೆ. ಅಷ್ಟು ಸಣ್ಣ ಬೀಜದಿಂದ ಹುಟ್ಟಿ, ನೆಲದಿಂದ ಅಷ್ಟೇನೂ ಎತ್ತರಕ್ಕೇಳದ ಈ ಗಿಡ ಈಜಿಪ್ಟನ್ನು ಇಟಲಿಯ ಪಕ್ಕಕ್ಕೇ ತಂದು ನಿಲ್ಲಿಸಿತಲ್ಲ ಎಂದು ಅವನು ಬೆರಗಾಗುತ್ತಾನೆ. ಸಿಸಿಲಿಯ ಜಲಸಂಧಿಯಿಂದ ಹೊರಟ ಈಜಿಪ್ಟಿನ ರೋಮನ್ ಅಧಿಕಾರಿಗಳಲ್ಲಿ ಗಲೇರಿಯಸ್ ಏಳನೆಯ ದಿನ, ಬಾಲ್ಬಿಲ್ಲಸ್ ಆರನೆಯ ದಿನ ಅಲೆಗ್ಸಾಂಡ್ರಿಯವನ್ನು ಮುಟ್ಟಿದ್ದನ್ನು ಉದಾಹರಿಸುತ್ತಾನೆ. ಹಾಯಿಯ ಹೆಗ್ಗಳಿಕೆ ಸಂದದ್ದು ಅಗಸೆಗೆ.

ಕ್ರಿ.ಪೂ. 56ರಲ್ಲಿ ಗಾಲ್ ನಾಡಿನ ಅಟ್ಲಾಂಟಿಕ್ ತೀರದಲ್ಲಿ ವೆನೆಟಿ ಜನರೊಡನೆ ಕಾದಿದ ಜೂಲಿಯಸ್ ಸೀಸರ್, ಅವರ ಹಡಗುಗಳಿಗೆ ಚರ್ಮದ ಹಾಯಿಗಳೂ ಲಂಗರಿಗೆ ಹಗ್ಗದ ಬದಲು ಕಬ್ಬಿಣದ ಸರಪಳಿಗಳೂ ಇದ್ದುದನ್ನು ಕಂಡು, ಬಹುಶಃ ಇವರಲ್ಲಿ ಅಗಸೆ ಇಲ್ಲದಿರಬಹುದು ಅಥವಾ ಅದನ್ನು ಬಳಸಲು ತಿಳಿಯದಿರಬಹುದು ಎಂದು ಬರೆಯುತ್ತಾನೆ. ಹಾಯಿ ಎಂದೊಡನೆ ರೋಮನ್ ಸೇನಾನಿಯೊಬ್ಬನ ಮನಸ್ಸಿಗೆ ಬಂದ ನಾರು ಯಾವುದು ಎಂಬುದು ಇಲ್ಲಿ ತಾನಾಗಿಯೇ ತಿಳಿದುಬರುತ್ತದೆ.

ಹಾಗಾದರೆ ಭಂಗಿಯ ಪಾಲು ಏನು? ಪ್ಲಿನಿಯೇ ಒಂದೇ ಮಾತಿನಲ್ಲಿ ಹೇಳುತ್ತಾನೆ: ಅದು ಹಗ್ಗಗಳಿಗೆ ಬಹಳ ಉಪಯುಕ್ತ. ಅದೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಔಷಧ ಸಸ್ಯಗಳ ಗ್ರಂಥವನ್ನು ರಚಿಸಿದ ಡಯೋಸ್ಕೊರಿಡೀಸ್ ಕೂಡ ಈ ಗಿಡದ ವರ್ಣನೆಯನ್ನು ಔಷಧದಿಂದ ಆರಂಭಿಸದೆ, ಅತ್ಯಂತ ಬಲವಾದ ಹಗ್ಗಗಳನ್ನು ಹೊಸೆಯಲು ಜನಜೀವನಕ್ಕೆ ಒದಗುವ ಗಿಡ ಎಂದೇ ಆರಂಭಿಸುತ್ತಾನೆ. ವೈದ್ಯನೊಬ್ಬ ಮೊದಲು ಹಗ್ಗವನ್ನು ನೆನೆದಿದ್ದಾನೆ ಎಂದರೆ, ಆ ಕಾಲದವರಿಗೆ ಈ ಗಿಡ ಯಾವುದಕ್ಕೆ ಹೆಸರಾಗಿತ್ತು ಎಂಬ ಬಗ್ಗೆ ನನಗೆ ಸಂದೇಹ ಉಳಿಯುವುದಿಲ್ಲ.

ಪ್ರಶ್ನೆ: ಇಟಲಿಯಲ್ಲೇ ಭಂಗಿಯನ್ನು ಬೆಳೆಯುತ್ತಿದ್ದರೇ, ಅಥವಾ ಹೊರನಾಡುಗಳಿಂದ ತರಿಸುತ್ತಿದ್ದರೇ? ಬೆಳೆಯುತ್ತಿದ್ದರೆ ಹೇಗೆ?

ಉತ್ತರ: ಎರಡೂ ಇತ್ತು. ಇಟಲಿಯ ಬೇಸಾಯದ ಬಗ್ಗೆ ನಮಗೆ ಒಳ್ಳೆಯ ಮಾಹಿತಿ ಸಿಗುವುದು ರೋಮಿನ ಕೃಷಿ ಲೇಖಕರಿಂದ.

ಕ್ರಿ.ಪೂ. 37ರಲ್ಲಿ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಕೃಷಿಯ ಬಗ್ಗೆ ಬರೆಯಲು ಕುಳಿತ ವಾರ್ರೊ ಜಮೀನುದಾರರಿಗೆ ಒಂದು ಲೆಕ್ಕಾಚಾರದ ಬುದ್ಧಿವಾದವನ್ನು ಹೇಳುತ್ತಾನೆ. ಜಮೀನಿನಲ್ಲೇ ಬೆಳೆಯುವ ವಸ್ತುಗಳಿಂದ ಆಳುಗಳೇ ಮಾಡಬಹುದಾದದ್ದನ್ನು ಹಣ ಕೊಟ್ಟು ಕೊಳ್ಳಬಾರದು ಎಂಬುದು ಅದರ ಸಾರ. ಹಾಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದವುಗಳ ಪಟ್ಟಿಯಲ್ಲಿ ಭಂಗಿ, ಅಗಸೆ, ಜೊಂಡು, ತಾಳೆಗರಿ ಮುಂತಾದವುಗಳಿಂದ ತಯಾರಾಗುವ ದಪ್ಪ ಹಗ್ಗ, ಸಣ್ಣ ಹುರಿ, ಚಾಪೆಗಳು ಬರುತ್ತವೆ. ಇನ್ನೊಂದೆಡೆ, ಎತ್ತುಗಳ ಪಾದರಕ್ಷೆ, ದಾರ, ಹಗ್ಗಗಳನ್ನು ಹೆಣೆಯಲು ಬೇಕಾದ ಭಂಗಿ, ಅಗಸೆ, ಜೊಂಡು, ಎಸ್ಪಾರ್ಟೊ ಎಂಬ ಹುಲ್ಲು ಇವುಗಳಿಗೆ ಜಮೀನಿನಲ್ಲಿ ಒಂದಿಷ್ಟು ಜಾಗ ಬಿಡಬೇಕೆಂದು ಸೂಚಿಸುತ್ತಾನೆ. ಇವೆರಡು ಕಡೆಯೂ ಭಂಗಿ ಮಾರಾಟದ ಬೆಳೆಯಾಗಿ ಬರುವುದಿಲ್ಲ. ಜಮೀನಿನ ದಿನನಿತ್ಯದ ಖರ್ಚಿಗೆ ಬೇಕಾದ ಸಾಮಗ್ರಿಯಾಗಿ ಬರುತ್ತದೆ.

ಸ್ಪೇನಿನ ಗಾದೀಸ್ ಪಟ್ಟಣದವನಾದ ಕೊಲುಮೆಲ್ಲಾ, ಸುಮಾರು ನೂರು ವರ್ಷಗಳ ನಂತರ, ಬಿತ್ತನೆಯ ವಿವರವನ್ನು ಬಹಳ ಖಚಿತವಾಗಿ ಕೊಡುತ್ತಾನೆ. ಭಂಗಿಗೆ ಗೊಬ್ಬರ ಹಾಕಿದ, ನೀರಾವರಿಯುಳ್ಳ ಕೊಬ್ಬಿದ ಭೂಮಿ ಬೇಕು. ಅದಿಲ್ಲದಿದ್ದರೆ ಸಮತಟ್ಟಾಗಿ ತೇವವನ್ನು ಹಿಡಿಯುವ, ಆಳವಾಗಿ ಉತ್ತ ಹೊಲವಾದರೂ ಬೇಕು. ಸ್ವಾತಿ ನಕ್ಷತ್ರ ಉದಯಿಸುವ ಹೊತ್ತಿಗೆ, ಅಂದರೆ ಫೆಬ್ರವರಿ 24 ಅಥವಾ 25ರ ಸುಮಾರಿಗೆ, ಒಂದು ಚದರ ಅಡಿಗೆ ಆರು ಕಾಳಿನಂತೆ ಬಿತ್ತಬೇಕು. ಮಳೆ ಹಿಡಿದಿದ್ದರೆ ವಸಂತದ ವಿಷುವದವರೆಗೂ ಬಿತ್ತಬಹುದು. ರೋಮನ್ ಅಡಿ ಈಗಿನ ಲೆಕ್ಕದಲ್ಲಿ ಸುಮಾರು 29.6 ಸೆಂಟಿಮೀಟರ್ ಆಗಿದ್ದುದರಿಂದ, ಇದು ಒಂದು ಚದರ ಮೀಟರಿಗೆ ಸುಮಾರು 68 ಕಾಳುಗಳಾಗುತ್ತದೆ. ಇಂದು ಬಟ್ಟೆಯ ನಾರಿಗಾಗಿ ಭಂಗಿ ಬೆಳೆಯುವವರು ಇದಕ್ಕಿಂತ ಬಹಳ ಒತ್ತಾಗಿ ಬಿತ್ತುತ್ತಾರೆ, ಏಕೆಂದರೆ ಗಿಡಗಳು ಒತ್ತಾಗಿದ್ದಷ್ಟೂ ಕವಲೊಡೆಯದೆ ನೆಟ್ಟಗೆ ಏರುತ್ತವೆ, ಕಾಂಡ ಸಣ್ಣದಾಗುತ್ತದೆ, ನಾರು ನಯವಾಗುತ್ತದೆ. ಒತ್ತಾಗಿ ಬಿತ್ತಿದಷ್ಟೂ ಕಾಂಡ ತೆಳುವಾಗುತ್ತದೆ ಎಂಬುದನ್ನು ಪ್ಲಿನಿಯೂ ಬಲ್ಲ. ಆದ್ದರಿಂದ ಕೊಲುಮೆಲ್ಲಾ ಹೇಳುವ ಅಂತರ, ನನ್ನ ತಿಳಿವಳಿಕೆಯಂತೆ, ದಪ್ಪ ಕಾಂಡದ, ಒರಟು ನಾರಿನ, ಹಗ್ಗಕ್ಕೆ ಒಪ್ಪುವ ಬೆಳೆಯ ಅಂತರ. ನಾಲ್ಕೈದು ಶತಮಾನಗಳಾಚೆ ಕೃಷಿ ಕೈಪಿಡಿ ಬರೆದ ಪಲ್ಲಾಡಿಯಸ್ ಕೂಡ ಅಡಿಗೆ ಆರು ಕಾಳು ಎಂಬ ಲೆಕ್ಕವನ್ನು ಬಿಟ್ಟಿಲ್ಲ.

ಇಟಲಿಯ ಭಂಗಿಯಲ್ಲಿ ಎತ್ತರಕ್ಕೆ ಹೆಸರಾದದ್ದು ರೋಮಿನ ಈಶಾನ್ಯಕ್ಕಿರುವ ಸಬೈನ್ ನಾಡಿನ ರೊಸೆಯಾ ಬಯಲಿನದು. ಅಲ್ಲಿ ಅದು ಮರದೆತ್ತರಕ್ಕೆ ಬೆಳೆಯುತ್ತದೆ ಎಂದು ಪ್ಲಿನಿ ಹೇಳುತ್ತಾನೆ. ಈ ಬಯಲಿನ ಹಿನ್ನೆಲೆ ತಿಳಿದರೆ ಆ ಮಾತು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ರೆಯಾತೆ ಪಟ್ಟಣದ ಬಳಿಯ ಈ ಭೂಮಿ ಮೊದಲು ವೆಲಿನಸ್ ಸರೋವರದ ಜೌಗಾಗಿತ್ತು. ಕ್ರಿ.ಪೂ. 271ರಲ್ಲಿ ಮಾನಿಯಸ್ ಕ್ಯೂರಿಯಸ್ ಡೆಂಟೇಟಸ್ ಬೆಟ್ಟದಂಚಿನಲ್ಲಿ ಕಾಲುವೆ ಕಡಿಸಿ ನೀರನ್ನು ಹೊರಗೆ ಹರಿಸಿದ ಮೇಲೆ, ಸರೋವರದ ತಳದಲ್ಲಿ ಕೂಡಿಬಿದ್ದಿದ್ದ ಕಪ್ಪು ಮೆಕ್ಕಲು ಬೇಸಾಯಕ್ಕೆ ಸಿಕ್ಕಿತು. ಆ ಕಾಲುವೆಯ ನೀರು ಧುಮುಕುವ ಜಾಗವೇ ಇಂದಿನ ಮಾರ್ಮೊರೆ ಜಲಪಾತ. ರೆಯಾತೆಯವನೇ ಆದ ವಾರ್ರೊ ತನ್ನ ಕೃತಿಯಲ್ಲಿ ಸೀಸರ್ ವೊಪಿಸ್ಕಸ್ ಎಂಬುವನ ಒಂದು ಮಾತನ್ನು ದಾಖಲಿಸಿದ್ದಾನೆ: ರೊಸೆಯಾದಲ್ಲಿ ಇಂದು ಒಂದು ಕೋಲನ್ನು ನೆಲದ ಮೇಲೆ ಬಿಟ್ಟು ಹೋದರೆ, ಮರುದಿನ ಅದು ಬೆಳೆದ ಹುಲ್ಲಿನಲ್ಲಿ ಮುಚ್ಚಿಹೋಗಿ ಕಾಣಿಸುವುದೇ ಇಲ್ಲವಂತೆ. ತೇವ, ಆಳ, ಫಲವತ್ತು ಎಂದು ಕೊಲುಮೆಲ್ಲಾ ಕೇಳಿದ ಮೂರೂ ಗುಣಗಳು ಆ ಮಣ್ಣಿನಲ್ಲಿದ್ದವು.

ಗ್ರಂಥಗಳ ಜೊತೆಗೆ ಮಣ್ಣಿನ ಸಾಕ್ಷ್ಯವೂ ಇದೆ. ರೋಮಿನ ಆಗ್ನೇಯ ದಿಕ್ಕಿಗೆ, ಆರಿಹೋದ ಜ್ವಾಲಾಮುಖಿಗಳ ಬಾಯಲ್ಲಿ, ಆಲ್ಬಾನೊ ಮತ್ತು ನೇಮಿ ಎಂಬ ಎರಡು ಸರೋವರಗಳಿವೆ. ಅವುಗಳ ತಳದ ಹೂಳಿನಲ್ಲಿ ಪದರಪದರವಾಗಿ ಉಳಿದಿರುವ ಪರಾಗವನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವು, ಕ್ರಿ.ಶ. ಮೊದಲನೆಯ ಶತಮಾನದ ಹೊತ್ತಿಗೆ ಭಂಗಿಯ ಪರಾಗ ಎದ್ದು ಕಾಣುವಷ್ಟು ಹೆಚ್ಚಾದುದನ್ನು ತೋರಿಸಿತು. ಗಾಳಿಯಲ್ಲಿ ಪರಾಗವನ್ನು ಧಾರಾಳವಾಗಿ ಚೆಲ್ಲುವ ಗಿಡ ಇದಾದ್ದರಿಂದ ಇಂತಹ ಗುರುತು ಚೆನ್ನಾಗಿ ಉಳಿಯುತ್ತದೆ. ಪ್ಲಿನಿ ಮತ್ತು ಕೊಲುಮೆಲ್ಲಾ ಬರೆಯುತ್ತಿದ್ದ ಶತಮಾನವೇ ಅದು ಎಂಬುದು ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಪುಸ್ತಕವೂ ಕೆಸರೂ ಒಂದೇ ಮಾತನ್ನು ಹೇಳುವ ಸಂದರ್ಭಗಳು ಪ್ರಾಚೀನ ಕೃಷಿಯ ಇತಿಹಾಸದಲ್ಲಿ ಹೆಚ್ಚಿಲ್ಲ.

ಪ್ರಶ್ನೆ: ಕಾಂಡದಿಂದ ನಾರನ್ನು ಹೇಗೆ ತೆಗೆಯುತ್ತಿದ್ದರು?

ಉತ್ತರ: ಪ್ಲಿನಿ ಕೊಡುವ ಕ್ರಮ ಹೀಗಿದೆ. ಶರತ್ಕಾಲದ ವಿಷುವದ ಹೊತ್ತಿಗೆ ಬೀಜ ಬಲಿಯುತ್ತದೆ. ಅದನ್ನು ಆಯ್ದು ಬಿಸಿಲಿನಲ್ಲೋ ಗಾಳಿಯಲ್ಲೋ ಹೊಗೆಯಲ್ಲೋ ಒಣಗಿಸುತ್ತಾರೆ. ಗಿಡವನ್ನು ಕೀಳುವುದು ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ. ಸಿಪ್ಪೆ ಸುಲಿದು ನಾರನ್ನು ಹಸನು ಮಾಡುವುದು ರಾತ್ರಿ ದೀಪದ ಬೆಳಕಿನ ಕೆಲಸ. ಹಗಲಿನ ಹೊಲಗೆಲಸಕ್ಕೆ ಅಡ್ಡಬಾರದಂತೆ, ಚಳಿಗಾಲದ ಉದ್ದನೆಯ ರಾತ್ರಿಗಳಿಗೆ ಈ ದುಡಿಮೆಯನ್ನು ಹೊಂದಿಸಿದ್ದರು. ದೊಡ್ಡ ಜಮೀನುಗಳಲ್ಲಿ ಆ ಕೆಲಸ ಮಾಡುತ್ತಿದ್ದವರು ಗುಲಾಮರು ಎಂಬುದನ್ನು ಮರೆಯಬಾರದು; ಮನೆಯಲ್ಲೇ ಮಾಡಿದರೆ ಖರ್ಚಿಲ್ಲ ಎಂಬ ವಾರ್ರೊನ ಲೆಕ್ಕದ ಹಿಂದೆ ಕೂಲಿ ಕೊಡಬೇಕಿಲ್ಲದ ಆ ಕೈಗಳಿದ್ದವು.

ನೀರಿನಲ್ಲಿ ಕೊಳೆಹಾಕುವ ಹಂತವನ್ನು ಪ್ಲಿನಿ ಅಗಸೆಯ ಪ್ರಸಂಗದಲ್ಲಿ ವಿವರಿಸಿದ್ದಾನೆ. ಭಂಗಿಯ ಕಾಂಡದಲ್ಲೂ ನಾರು ತೊಗಟೆಗೆ ಅಂಟಿಕೊಂಡೇ ಇರುವುದರಿಂದ ಕೆಲಸದ ತತ್ವ ಒಂದೇ. ಬಿಸಿಲಿಗೆ ಬೆಚ್ಚಗಾದ ನೀರಿನಲ್ಲಿ ಕಾಂಡದ ಕಟ್ಟುಗಳನ್ನು ಮುಳುಗಿಸಿ, ತೇಲದಂತೆ ಮೇಲೆ ಕಲ್ಲು ಹೇರುತ್ತಾರೆ. ಸಿಪ್ಪೆ ಸಡಿಲವಾದಾಗ ಹೊರಗೆ ತೆಗೆದು, ಮಗುಚುತ್ತ ಬಿಸಿಲಿನಲ್ಲಿ ಒಣಗಿಸಿ, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಬಡಿಯುತ್ತಾರೆ. ಹೊರಮೈಯ ಒರಟು ನಾರು ಮೊದಲು ಬೇರೆಯಾಗುತ್ತದೆ. ಅದನ್ನು ದೀಪದ ಬತ್ತಿಗೆ ಬಳಸುತ್ತಾರೆ. ಉಳಿದದ್ದನ್ನು ಕಬ್ಬಿಣದ ಹಲ್ಲುಗಳಿಂದ ಬಾಚಿ ಬಾಚಿ ಹಸನು ಮಾಡುತ್ತಾರೆ. ಒಳಗಿನ ದಂಟು ಒಲೆಗೂ ಕುಲುಮೆಗೂ ಉರುವಲಾಗುತ್ತದೆ. ಐವತ್ತು ಪೌಂಡ್ ತೂಕದ ಕಟ್ಟಿನಿಂದ ಹದಿನೈದು ಪೌಂಡ್ ಬಾಚಿದ ನಾರು ಬರಬೇಕು ಎಂಬುದು ಅವನು ಅಗಸೆಗೆ ಕೊಡುವ ಪ್ರಮಾಣ.

ಪ್ರಶ್ನೆ: ಭಂಗಿ ಅಷ್ಟು ಗಟ್ಟಿಯಾದ ನಾರಾಗಿದ್ದರೆ, ರೋಮನ್ ಹಡಗುಗಳಲ್ಲಿ ಎಸ್ಪಾರ್ಟೊ ಎಂಬ ಹುಲ್ಲಿನ ಹಗ್ಗಗಳು ಹೆಚ್ಚಾಗಿದ್ದವು ಎಂದು ಹೇಳುವುದೇಕೆ?

ಉತ್ತರ: ಇದು ಇಡೀ ವಿಷಯದ ತಿರುಳಿಗೇ ಕೈಹಾಕುವ ಪ್ರಶ್ನೆ. ಒಣ ನೆಲದ ಕೆಲಸಕ್ಕೆ ಭಂಗಿಯ ಹಗ್ಗವನ್ನೇ ಜನ ಮೇಲೆಂದು ಬಗೆಯುತ್ತಾರೆ, ಆದರೆ ಎಸ್ಪಾರ್ಟೊ ನೀರಿನಲ್ಲಿ ಮುಳುಗಿದ್ದರೂ ಕೆಡದೆ, ಹುಟ್ಟಿದ ನೆಲದ ಬಾಯಾರಿಕೆಯನ್ನು ತೀರಿಸಿಕೊಳ್ಳುವಂತೆ ಇನ್ನೂ ಬಲಗೊಳ್ಳುತ್ತದೆ ಎಂದು ಪ್ಲಿನಿ ಬರೆದಿದ್ದಾನೆ. ಎಸ್ಪಾರ್ಟೊ ಸ್ಪೇನಿನ ಆಗ್ನೇಯ ಭಾಗದಲ್ಲಿ, ಹೊಸ ಕಾರ್ಥೇಜ್ ಪಟ್ಟಣದ ಸುತ್ತಲಿನ ಒಣ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಹುಲ್ಲು. ಕೈಗೆ ಕೈಗವಸು, ಕಾಲಿಗೆ ರಕ್ಷೆ ತೊಟ್ಟು, ಎಲುಬಿನ ಅಥವಾ ಓಕ್ ಮರದ ಕೋಲಿಗೆ ಸುತ್ತಿ ಅದನ್ನು ಕಿತ್ತುತೆಗೆಯುತ್ತಿದ್ದರು. ಕಾರ್ಥೇಜಿನವರು ಸ್ಪೇನಿಗೆ ನುಗ್ಗಿದ ಕಾಲದಿಂದ ಅದು ಬಳಕೆಗೆ ಬಂತು ಎನ್ನುತ್ತಾನೆ ಪ್ಲಿನಿ. ಬಿತ್ತಬೇಕಾಗಿಲ್ಲ, ಗೊಬ್ಬರ ಬೇಕಾಗಿಲ್ಲ, ಒಳ್ಳೆಯ ಹೊಲವನ್ನು ಅದಕ್ಕಾಗಿ ಮೀಸಲಿಡಬೇಕಾಗಿಲ್ಲ. ಭಂಗಿಗೆ ಗೋಧಿಯೋ ತರಕಾರಿಯೋ ಬೆಳೆಯಬಹುದಾದ ಉತ್ತಮ ನೆಲ ಬೇಕಿತ್ತು. ಆದ್ದರಿಂದ ರಾಶಿರಾಶಿಯಾಗಿ ಹಗ್ಗ ಬೇಕಾದ ಕಡೆ ಸ್ಪೇನಿನ ಹುಲ್ಲು ಮುಂದಾದುದು ಸಹಜ.

ಆದರೆ ಪ್ಲಿನಿಯ ಮಾತನ್ನು ಅಕ್ಷರಶಃ ಹಿಡಿದು, ಹಡಗಿನಲ್ಲಿ ಭಂಗಿಯೇ ಇರಲಿಲ್ಲ ಎನ್ನುವುದು ತಪ್ಪಾಗುತ್ತದೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ರೋಮಿನ ಮಿತ್ರನಾಗಿದ್ದ ಸಿರಾಕ್ಯೂಸಿನ ದೊರೆ ಎರಡನೆಯ ಹಿಯೆರೊ, ಆರ್ಕಿಮಿಡೀಸನ ಮೇಲ್ವಿಚಾರಣೆಯಲ್ಲಿ ಒಂದು ಭಾರಿ ಹಡಗನ್ನು ಕಟ್ಟಿಸಿದನು. ಅದಕ್ಕೆ ಎಲ್ಲೆಲ್ಲಿಂದ ಏನೇನು ತರಿಸಿದರು ಎಂಬ ವರ್ಣನೆಯನ್ನು ಗ್ರೀಕ್ ಲೇಖಕ ಅಥೀನಿಯಸ್ ಉಳಿಸಿಕೊಟ್ಟಿದ್ದಾನೆ: ಹಗ್ಗಗಳಿಗೆ ಐಬೀರಿಯದಿಂದ ಎಸ್ಪಾರ್ಟೊ, ರೋನ್ ನದಿಯ ಪ್ರದೇಶದಿಂದ ಭಂಗಿ ಮತ್ತು ರಾಳ. ಭಂಗಿಯನ್ನೂ ರಾಳವನ್ನೂ ಒಂದೇ ಉಸಿರಿನಲ್ಲಿ, ಒಂದೇ ಊರಿನ ಸರಕಾಗಿ ಹೇಳಿರುವುದನ್ನು ಗಮನಿಸಬೇಕು. ನೀರನ್ನು ಹೀರಿ ಕೊಳೆಯುವುದು ಭಂಗಿ ಹಗ್ಗದ ದೌರ್ಬಲ್ಯ. ಕರಗಿಸಿದ ರಾಳವನ್ನು ಉಣಿಸಿದರೆ ಅದು ಬಹುಮಟ್ಟಿಗೆ ನೀಗುತ್ತದೆ. ನಂತರದ ಕಾಲದ ಯುರೋಪಿನ ನೌಕಾಪಡೆಗಳು ಕೀಲೆಣ್ಣೆ ಹಾಕಿದ ಭಂಗಿ ಹಗ್ಗವನ್ನೇ ನೆಚ್ಚಿಕೊಂಡಿದ್ದವು.

ಇನ್ನೊಂದು ಸಾಕ್ಷ್ಯ ಕ್ರಿ.ಶ. 34ರಿಂದ 62ರವರೆಗೆ ಬದುಕಿದ್ದ ಪರ್ಸಿಯಸ್ ಎಂಬ ಕವಿಯದು. ಅವನ ಐದನೆಯ ವಿಡಂಬನ ಕವನದಲ್ಲಿ, ವ್ಯಾಪಾರದ ಲಾಭಕ್ಕಾಗಿ ಸಮುದ್ರಯಾನಕ್ಕೆ ಹೊರಟವನೊಬ್ಬನನ್ನು ಸುಖದಾಸೆ ತಡೆದು ಕೇಳುತ್ತದೆ: ಸುರುಳಿ ಸುತ್ತಿದ ಭಂಗಿ ಹಗ್ಗಕ್ಕೆ ಒರಗಿಕೊಂಡು, ಹುಟ್ಟುಹಾಕುವವರ ಅಡ್ಡಹಲಗೆಯ ಮೇಲೆ ನಿನ್ನ ರಾತ್ರಿಯೂಟವೇ? ರಾಳದ ವಾಸನೆ ಹಿಡಿದು ಕೆಟ್ಟ ಅಗ್ಗದ ಕೆಂಪು ದ್ರಾಕ್ಷಾರಸವೇ ನಿನ್ನ ಕುಡಿತವೇ? ಹಡಗಿನ ಬದುಕು ಎಷ್ಟು ಕಷ್ಟ ಎಂದು ತೋರಿಸಲು ಕವಿ ಆರಿಸಿಕೊಂಡ ದಿನಬಳಕೆಯ ವಸ್ತುಗಳಲ್ಲಿ ಭಂಗಿ ಹಗ್ಗವೂ ಒಂದು. ಓದುಗರಿಗೆ ಅದು ಪರಿಚಿತವಲ್ಲದಿದ್ದರೆ ಆ ಸಾಲಿಗೆ ಬಲವೇ ಇರುತ್ತಿರಲಿಲ್ಲ. ಹೀಗಾಗಿ, ಸದಾ ನೀರಿನಲ್ಲಿರುವ ಲಂಗರಿನ ಹಗ್ಗದಂಥವಕ್ಕೆ ಎಸ್ಪಾರ್ಟೊ, ಮೆದುವಾಗಿ ಬಾಗಬೇಕಾದ, ಗಾಳಿಗೆ ಒಣಗುವ ಹಗ್ಗಗಳಿಗೆ ಭಂಗಿ, ಎಂಬ ಹಂಚಿಕೆಯೇ ಹೆಚ್ಚು ಸಂಭವನೀಯವೆಂದು ನನಗೆ ತೋರುತ್ತದೆ.

ನೆಲದ ಮೇಲೂ ಎಲ್ಲ ಹಗ್ಗವೂ ಭಂಗಿಯದಾಗಿರಲಿಲ್ಲ. ಕ್ರಿ.ಪೂ. ಎರಡನೆಯ ಶತಮಾನದ ಕೃಷಿ ಲೇಖಕ ಕೇಟೊ, ಎಣ್ಣೆ ಮತ್ತು ದ್ರಾಕ್ಷಿ ಗಾಣಗಳ ಒತ್ತುಹಗ್ಗವನ್ನು ಚರ್ಮದಿಂದ ಮಾಡಿಸಬೇಕೆನ್ನುತ್ತಾನೆ. ಎಸ್ಪಾರ್ಟೊದ ಸಾಮಾನನ್ನೆಲ್ಲ ಕಪುವಾದಲ್ಲಿ ಕೊಳ್ಳಬೇಕೆಂದು ಊರಿನ ಹೆಸರನ್ನೇ ಹೇಳುತ್ತಾನೆ.

ಪ್ರಶ್ನೆ: ಬೇಟೆಯ ಬಲೆಗಳಿಗೆ ಭಂಗಿಯನ್ನು ಬಳಸುತ್ತಿದ್ದರೇ?

ಉತ್ತರ: ಬಳಸುತ್ತಿದ್ದರು, ಮತ್ತು ಹೆಸರುವಾಸಿಯಾದ ನಾರು ದೂರದಿಂದ ಬರುತ್ತಿದ್ದುದು ಇದೇ ಕೆಲಸಕ್ಕಾಗಿ. ಏಷ್ಯಾ ಮೈನರಿನ ಕಾರಿಯಾ ಪ್ರಾಂತದ ಅಲಬಾಂಡಾ ಊರಿನ ಭಂಗಿ ಎಲ್ಲಕ್ಕಿಂತ ಶ್ರೇಷ್ಠ, ಅದರಲ್ಲೂ ಬೇಟೆಬಲೆಗಳಿಗೆ, ಎಂದು ಪ್ಲಿನಿ ಹೇಳುತ್ತಾನೆ. ಎರಡನೆಯ ಸ್ಥಾನ ಅದೇ ಪ್ರಾಂತದ ಮಿಲಾಸಾಕ್ಕೆ. ಅಲಬಾಂಡಾದಲ್ಲಿ ನಾರನ್ನು ಮೂರು ದರ್ಜೆಯಾಗಿ ವಿಂಗಡಿಸುತ್ತಿದ್ದರು. ತೊಗಟೆಗೆ ಹತ್ತಿದ್ದೂ ಒಳದಿಂಡಿಗೆ ಹತ್ತಿದ್ದೂ ಕೀಳು. ಇವೆರಡರ ನಡುವಿನದು ಮೇಲು, ಅದಕ್ಕೆ ‘ಮೇಸಾ’ ಎಂದೇ ವ್ಯಾಪಾರದ ಹೆಸರಿತ್ತು. ಸಸ್ಯಶಾಸ್ತ್ರದ ದೃಷ್ಟಿಯಿಂದಲೂ ಇದು ಸರಿಯಾದ ವಿಂಗಡಣೆ: ಒಳಗಿನ ಮರಭಾಗದ ಕಡೆಗಿರುವ ಎಳೆಗಳು ಗಿಡ್ಡವಾಗಿ ಒರಟಾಗಿರುತ್ತವೆ, ಹೊರಗಿನವಕ್ಕೆ ತೊಗಟೆಯ ಚೂರು ಅಂಟಿಕೊಂಡಿರುತ್ತದೆ.

ಚಕ್ರವರ್ತಿ ಅಗಸ್ಟಸನ ಕಾಲದಲ್ಲಿ ಬೇಟೆಯ ಬಗ್ಗೆ ಕಾವ್ಯ ರಚಿಸಿದ ಗ್ರಾಟಿಯಸ್ ಕೂಡ ಇದೇ ಊರನ್ನು ಹೆಸರಿಸುತ್ತಾನೆ. ಅಲಬಾಂಡಾದ ಬಡ ತೋಟಗಾರ ನೀರುಣಿಸಿದ ತನ್ನ ತೋಟದಲ್ಲಿ ಭಂಗಿಯ ಕಾಡನ್ನೇ ಬೆಳೆಸುತ್ತಾನೆ. ಆ ನಾರಿನ ಬಲೆ ಭಾರವಾದದ್ದು ನಿಜ, ಆದರೆ ಅದರಲ್ಲಿ ಕರಡಿಗಳನ್ನೂ ಕೆಡವಬಹುದು ಎಂಬುದು ಅವನ ಮಾತಿನ ಅರ್ಥ. ಅದಾದೊಡನೆ ಎಚ್ಚರಿಕೆಯನ್ನೂ ಕೊಡುತ್ತಾನೆ: ತೇವ ಬಲೆಯ ದೊಡ್ಡ ಶತ್ರು, ಒದ್ದೆಯಾದ ಬಲೆಯನ್ನು ನಂಬಬಾರದು, ತೊರೆಯಲ್ಲೋ ಮಳೆಯಲ್ಲೋ ನೆನೆದರೆ ತಿಳಿಯಾದ ಗಾಳಿಗೆ ಹರಡಬೇಕು ಅಥವಾ ಹೊಗೆಯಲ್ಲಿ ತೂಗುಹಾಕಬೇಕು. ಪ್ಲಿನಿ ಹಗ್ಗದ ಬಗ್ಗೆ ಹೇಳಿದ್ದನ್ನು ಬೇಟೆಗಾರರ ಕವಿ ಬಲೆಯ ಬಗ್ಗೆ, ಅವನಿಗಿಂತ ಮೊದಲೇ, ಹೇಳಿದ್ದಾನೆ. ಹಗುರವಾದ ಬಲೆ ಬೇಕಾದರೆ ಅಗಸೆಯೇ ಆಗಬೇಕಿತ್ತು. ಇಟಲಿಯ ಕ್ಯೂಮೆ ಊರಿನ ಅಗಸೆಬಲೆ ಇಡಿಯಾಗಿ ಒಂದು ಉಂಗುರದೊಳಗೆ ತೂರುವಷ್ಟು ಸಣ್ಣೆಳೆಯದು, ಆದರೂ ಕಾಡುಹಂದಿಯ ಬಿರುಗೂದಲನ್ನು ಕತ್ತರಿಸುತ್ತಿತ್ತು ಎಂದು ಪ್ಲಿನಿ ವರ್ಣಿಸಿದ್ದಾನೆ.

ಪ್ರಶ್ನೆ: ಈ ಗಿಡಕ್ಕೆ ಅಮಲು ಬರಿಸುವ ಗುಣವಿದೆಯೆಂದು ನಾರು ಸುಲಿಯುತ್ತಿದ್ದ ರೋಮನ್ನರಿಗೆ ತಿಳಿದಿತ್ತೇ?

ಉತ್ತರ: ಬೀಜದ ರಸ ಕಿವಿಯೊಳಗಿನ ಹುಳುಗಳನ್ನು ಹೊರಹಾಕುತ್ತದೆ, ಆದರೆ ತಲೆನೋವು ತರುತ್ತದೆ ಎಂದು ಪ್ಲಿನಿ ಹೇಳುತ್ತಾನೆ. ಕ್ರಿ.ಶ. ಎರಡನೆಯ ಶತಮಾನದ ವೈದ್ಯ ಗ್ಯಾಲೆನ್, ಕೆಲವರು ಹುರಿದ ಭಂಗಿ ಬೀಜವನ್ನು ಊಟದ ಕೊನೆಯ ತಿನಿಸುಗಳ ಜೊತೆ ತಿನ್ನುವುದನ್ನು ಹೇಳಿ, ಅದು ಜೀರ್ಣಕ್ಕೆ ಕಷ್ಟ, ತಲೆಗೆ ಕೆಡುಕು ಎನ್ನುತ್ತಾನೆ. ಆದರೆ ಹೊಲ, ಹಗ್ಗ, ಬಲೆಗಳ ಬಗ್ಗೆ ಬರೆದ ಲೇಖಕರ ಗಮನವೆಲ್ಲ ಕಾಂಡದ ಮೇಲಿದೆ.

ಪ್ರಶ್ನೆ: ಹಗ್ಗ ಹೊಸೆಯುವುದು ಪ್ರತ್ಯೇಕ ಕಸುಬಾಗಿತ್ತೇ? ಆ ಕಾಲದ ಹಗ್ಗ ಎಲ್ಲಾದರೂ ಸಿಕ್ಕಿದೆಯೇ?

ಉತ್ತರ: ಪಟ್ಟಣಗಳಲ್ಲಿ ಅದು ಸಂಘ ಕಟ್ಟಿಕೊಂಡ ಕಸುಬೇ ಆಗಿತ್ತು. ರೋಮಿನ ಬಂದರಾದ ಆಸ್ಟಿಯಾದಲ್ಲಿ, ರಂಗಮಂದಿರದ ಹಿಂದಿನ ಚೌಕದ ಸುತ್ತ ವರ್ತಕರ, ಕಸುಬುದಾರರ ಮಳಿಗೆಗಳ ಸಾಲಿದೆ. ಹಲವುಗಳ ಮುಂದೆ ನೆಲದ ಮೇಲೆ ಕಪ್ಪು ಬಿಳುಪು ಹರಳುಗಳ ಚಿತ್ರವೋ ಬರಹವೋ ಇದೆ. ಸಾಲಿನ ಮೊದಲನೆಯ ಮಳಿಗೆಯ ನೆಲದಲ್ಲಿ ಕಾಣುವುದು ಒರಟು ನಾರಿನ ಕೆಲಸದವರ ಮತ್ತು ಹಗ್ಗ ಮಾಡುವವರ ಹೆಸರು. ಭಂಗಿ ಮತ್ತು ಅಗಸೆಯನ್ನು ಬಾಚಿದಾಗ ಉಳಿಯುವ ಒರಟು ನಾರನ್ನು ಹಡಗಿನ ಹಲಗೆಗಳ ಸಂದಿಗೆ ತುಂಬಿ, ಮೇಲೆ ರಾಳ ಬಳಿಯುತ್ತಿದ್ದರು. ಒಂದೇ ಸರಕಿನ ಒಳ್ಳೆಯ ಭಾಗ ಹಗ್ಗದವನಿಗೆ, ಉಳಿಕೆ ಹಡಗಿನ ಸಂದಿ ತುಂಬುವವನಿಗೆ ಹೋಗುತ್ತಿದ್ದುದರಿಂದ, ಇಬ್ಬರೂ ಒಂದೇ ಮಳಿಗೆಯಲ್ಲಿದ್ದುದು ತೀರ ಸಹಜವಾಗಿದೆ.

ಸಿಕ್ಕಿರುವ ಹಗ್ಗಗಳ ಪೈಕಿ ನೆನೆಯಬೇಕಾದದ್ದು ಸ್ಕಾಟ್ಲೆಂಡಿನ ಬಾರ್ ಹಿಲ್ ಕೋಟೆಯದು. ಕ್ರಿ.ಶ. 142ರ ಸುಮಾರಿಗೆ ಕಟ್ಟಲಾರಂಭಿಸಿದ ಆಂಟೊನೈನ್ ಗೋಡೆ ಎಂಬ ರೋಮನ್ ಗಡಿಗೋಡೆಯ ಈ ಕೋಟೆಯ ಬಾವಿಯಿಂದ ಭಂಗಿ ಹಗ್ಗದ ತುಂಡೊಂದು ದೊರೆಯಿತು. ಗಾಳಿಯಾಡದ ಕೆಸರಿನಲ್ಲಿ ಹುದುಗಿದ್ದರಿಂದ ಅದು ಉಳಿಯಿತು. ಸಾಮ್ರಾಜ್ಯದ ಉತ್ತರ ತುದಿಯ ಕಾವಲು ಪಡೆಗೂ ಈ ನಾರು ಒದಗುತ್ತಿತ್ತು.

ಪ್ರಶ್ನೆ: ಹಾಗಾದರೆ ಭಂಗಿಯ ಬಟ್ಟೆ ಇರಲೇ ಇಲ್ಲವೇ?

ಉತ್ತರ: ಇತ್ತು, ಆದರೆ ಅದರ ಮನೆ ರೋಮ್ ಅಲ್ಲ. ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಗ್ರೀಸಿನ ಉತ್ತರಕ್ಕಿರುವ ಥ್ರೇಸಿನ ಜನರು ಭಂಗಿಯಿಂದ ಉಡುಪು ಮಾಡಿಕೊಳ್ಳುತ್ತಾರೆ, ಅದು ಲಿನನ್ನಿಗೆ ಎಷ್ಟು ಹತ್ತಿರವೆಂದರೆ ಚೆನ್ನಾಗಿ ಪಳಗಿದವನಲ್ಲದೆ ಬೇರೆಯವರು ವ್ಯತ್ಯಾಸವನ್ನು ಗುರುತಿಸಲಾರರು ಎಂದಿದ್ದಾನೆ. ಥ್ರೇಸ್ ಮುಂದೆ ರೋಮನ್ ಪ್ರಾಂತವಾಯಿತು. ರೋಮನ್ ಆಳ್ವಿಕೆಯ ಗ್ರೀಸಿನಲ್ಲಿ ಸಂಚರಿಸಿದ ಪಾಸೇನಿಯಸ್, ಎಲಿಸ್ ಸೀಮೆಯಲ್ಲಿ ನೆಲ ಒಪ್ಪಿದವರು ಭಂಗಿ, ಅಗಸೆಗಳನ್ನು ಬಿತ್ತುತ್ತಾರೆ ಎಂದು ದಾಖಲಿಸಿದ್ದಾನೆ. ಆದರೆ ಕ್ರಿ.ಶ. 301ರಲ್ಲಿ ಚಕ್ರವರ್ತಿ ಡಯೊಕ್ಲೇಷಿಯನ್ ಹೊರಡಿಸಿದ ಬೆಲೆ ನಿಗದಿಯ ಶಾಸನದಲ್ಲಿ ಸ್ಕಿಥೊಪೊಲಿಸ್, ಟಾರ್ಸಸ್, ಬಿಬ್ಲಸ್, ಲವೊಡಿಸಿಯಾ ಎಂಬ ಪೂರ್ವದ ಪಟ್ಟಣಗಳ ಹೆಸರಿನಲ್ಲಿ ದರ್ಜೆವಾರು ಬೆಲೆ ಕಟ್ಟಿರುವುದು ಲಿನನ್ ಬಟ್ಟೆಗಳಿಗೆ. ಭಂಗಿ ನಾರಿನಲ್ಲಿ ಮರದ ಅಂಶ, ಅಂದರೆ ಲಿಗ್ನಿನ್, ಅಗಸೆಯಲ್ಲಿರುವುದಕ್ಕಿಂತ ಹೆಚ್ಚು. ಅದನ್ನು ನಯವಾದ ನೂಲಾಗಿಸಲು ಹೆಚ್ಚು ದುಡಿಯಬೇಕು. ಈಜಿಪ್ಟ್ ಮತ್ತು ಸಿರಿಯದ ಒಳ್ಳೆಯ ಲಿನನ್ ಹಡಗಿನ ಮೇಲೆ ಬಂದು ಇಳಿಯುತ್ತಿದ್ದ ಊರಿನಲ್ಲಿ ಆ ಶ್ರಮಕ್ಕೆ ಕಾರಣವಿರಲಿಲ್ಲ.

ಒಂದು ಮಾತನ್ನು ಮಾತ್ರ ಸೇರಿಸಬೇಕು. ಹೆರೊಡೋಟಸನಿಗೆ ಎದುರಾದ ಕಷ್ಟವೇ ಉತ್ಖನನ ಮಾಡುವವರಿಗೂ ಎದುರಾಗುತ್ತದೆ: ಹಳೆಯ ಬಟ್ಟೆಯ ಚೂರಿನಲ್ಲಿ ಭಂಗಿಯೂ ಅಗಸೆಯೂ ಬರಿಗಣ್ಣಿಗೆ ಒಂದೇ. ಒದ್ದೆ ಮಾಡಿದ ಒಂಟಿ ಎಳೆಯನ್ನು ಒಣಗಲು ಬಿಟ್ಟರೆ ಅಗಸೆಯ ಎಳೆ ಒಂದು ದಿಕ್ಕಿಗೂ ಭಂಗಿಯ ಎಳೆ ಅದರ ವಿರುದ್ಧ ದಿಕ್ಕಿಗೂ ತಿರುಚಿಕೊಳ್ಳುತ್ತದೆ, ಏಕೆಂದರೆ ಜೀವಕೋಶದ ಗೋಡೆಯಲ್ಲಿ ಸೂಕ್ಷ್ಮ ತಂತುಗಳು ಸುತ್ತಿಕೊಂಡಿರುವ ದಿಕ್ಕು ಎರಡರಲ್ಲೂ ಬೇರೆ. ನಾರು ಸಾಕಷ್ಟು ಗಟ್ಟಿಯಾಗಿ ಉಳಿದಿದ್ದರೆ ಮಾತ್ರ ಈ ಪರೀಕ್ಷೆ ಸಾಧ್ಯ. ಹಾಗೆ ನೋಡಿದರೆ, ಜರ್ಮನಿಯ ಹೋಖ್‌ಡೋರ್ಫಿನಲ್ಲಿ ದೊರೆತ, ರೋಮ್ ಆ ನಾಡನ್ನು ಮುಟ್ಟುವುದಕ್ಕೆ ಐದು ಶತಮಾನ ಮೊದಲಿನ ಕೆಲ್ಟಿಕ್ ನಾಯಕನ ಸಮಾಧಿಯ ಬಟ್ಟೆಗಳಲ್ಲಿ ಭಂಗಿಯ ನಾರು ಪತ್ತೆಯಾಗಿರುವುದರಿಂದ, ಆಲ್ಪ್ಸ್ ಬೆಟ್ಟಗಳ ಉತ್ತರದ ರೋಮನ್ ಪ್ರಾಂತಗಳಲ್ಲಿ ಸಿಕ್ಕಿ, ಕೇವಲ ನೋಟದಿಂದ ಲಿನನ್ ಎಂದು ಹೆಸರು ಹಚ್ಚಿಸಿಕೊಂಡಿರುವ ಚೂರುಗಳನ್ನು ಮತ್ತೊಮ್ಮೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ಅಗತ್ಯ.